ಅಕ್ಟೋಬರ್‌ನಲ್ಲಿ ವೈಟ್ ಮೌಂಟನ್: ಅಪ್ಪ-ಅಮ್ಮನಿಗೆ ರಸ್ತೆ, ನಿಮಗೆ ರಿಡ್ಜ್

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇದ್ದೇವೆ. ಮೈಸೂರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಪ್ಪನಿಗೆ 68, ಮೊಣಕಾಲು ನೋವಿದೆ. ಅಮ್ಮ ಚೆನ್ನಾಗಿ ನಡೆಯುತ್ತಾರೆ. ಅಕ್ಟೋಬರ್ ಮೊದಲೆರಡು ವಾರಗಳಲ್ಲಿ ಎರಡು ರಾತ್ರಿ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ ನ್ಯಾಷನಲ್ ಫಾರೆಸ್ಟ್‌ಗೆ ಹೋಗಿ ಎಲೆ ಬಣ್ಣ ತೋರಿಸಬೇಕೆಂದಿದೆ. ಅದರಲ್ಲೇ ಒಂದು ದಿನ ನಾನೂ ನನ್ನ ಹೆಂಡತಿಯೂ ಫ್ರಾಂಕೋನಿಯಾ ರಿಡ್ಜ್ ಎಂಬ ಬೆಟ್ಟಸಾಲಿನ ಏಣು ಹತ್ತುವ ಆಸೆ. ನಾವಿಬ್ಬರೂ ಕುಮಾರಪರ್ವತ ಹತ್ತಿದ್ದೇವೆ. ಇದು ಬರೀ ಐದು ಸಾವಿರ ಚಿಲ್ಲರೆ ಅಡಿ, ಕಷ್ಟವಾಗಲಿಕ್ಕಿಲ್ಲ ಅಲ್ಲವೇ? ಪ್ರವೇಶಕ್ಕೆ ಪಾಸ್ ಬೇಕೇ? ಯಾವ ದಿನ ಎಲ್ಲಿ ಹೋಗಬೇಕು?

ಉತ್ತರ: ಕೊನೆಯ ಪ್ರಶ್ನೆಗಿಂತ ಮೊದಲು ಆ ‘ಬರೀ ಐದು ಸಾವಿರ ಅಡಿ’ಯನ್ನು ನೋಡೋಣ. ಹತ್ತುವ ಶ್ರಮವೊಂದನ್ನೇ ಲೆಕ್ಕ ಹಾಕಿದರೆ ನಿಮ್ಮ ಮಾತು ಸರಿ. ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿದವರ ಕಾಲಿಗೆ ಫ್ರಾಂಕೋನಿಯಾ ರಿಡ್ಜ್ ಹೊಸ ಪಾಠವನ್ನೇನೂ ಕಲಿಸುವುದಿಲ್ಲ. ಇಲ್ಲಿ ಕೈಕೊಡುವುದು ಕಾಲಲ್ಲ, ಚಳಿ, ಗಾಳಿ ಮತ್ತು ಬೇಗ ಮುಗಿಯುವ ಹಗಲು. ಈ ಸೀಮೆಯ ಅತಿ ಎತ್ತರದ ಮೌಂಟ್ ವಾಷಿಂಗ್ಟನ್ 6,288 ಅಡಿ, ಅಂದರೆ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಕೂದಲೆಳೆ ಕಡಿಮೆ. ಆದರೆ ಅದು ಇರುವುದು 44 ಡಿಗ್ರಿ ಅಕ್ಷಾಂಶದಲ್ಲಿ. ಅದರ ನೆತ್ತಿಯ ಮೇಲೆ 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿತ್ತು. ಸುಮಾರು 4,500 ಅಡಿ ದಾಟಿದರೆ ಮರಗಳೇ ನಿಂತುಹೋಗುತ್ತವೆ; ಅಲ್ಲಿಂದ ಮೇಲೆ ಮರೆ ಎಂಬುದಿಲ್ಲ. ಕೆಳಗೆ ಲಿಂಕನ್ ಊರಿನಲ್ಲಿ 14 ಡಿಗ್ರಿ ಸೆಲ್ಸಿಯಸ್ ಹಿತವಾದ ಬಿಸಿಲಿದ್ದಾಗ ರಿಡ್ಜ್ ಮೇಲೆ 5–6 ಡಿಗ್ರಿ ಇರುವುದು ಸಾಮಾನ್ಯ. ಗಾಳಿ ಸೇರಿದರೆ ಮೈಗೆ ತಾಗುವುದು ಸೊನ್ನೆಗಿಂತ ಕೆಳಗಿನ ಚಳಿ. ಆದ್ದರಿಂದ ಅಪ್ಪ-ಅಮ್ಮನ ಪ್ರವಾಸ ಮತ್ತು ನಿಮ್ಮ ಚಾರಣ, ಎರಡನ್ನೂ ಬೇರೆ ಬೇರೆ ಯೋಜನೆ ಎಂದೇ ಇಟ್ಟುಕೊಳ್ಳಿ. ನಾಲ್ಕೂ ಜನ ‘ಸ್ವಲ್ಪ ದೂರ’ ಒಟ್ಟಿಗೆ ಹತ್ತಿ, ಅಲ್ಲಿಂದ ಹಿರಿಯರು ತಾವೇ ಇಳಿದು ಬರುವ ಏರ್ಪಾಡು ಬೇಡವೇ ಬೇಡ.

ಇನ್ನು ಪಾಸ್. ನ್ಯಾಷನಲ್ ಫಾರೆಸ್ಟ್ ಎಂದರೆ ನ್ಯಾಷನಲ್ ಪಾರ್ಕ್ ಅಲ್ಲ. ಇದು ಅಮೆರಿಕದ ಕೃಷಿ ಇಲಾಖೆಯ ಕೆಳಗಿರುವ ಅರಣ್ಯ. ಇಲ್ಲಿ ಮರ ಕಡಿಯುವುದೂ ಉಂಟು, ಬೇಟೆಯೂ ಉಂಟು, ಜನ ಸುತ್ತಾಡುವುದೂ ಉಂಟು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮರದ ಕಂಪನಿಗಳು ಈ ಬೆಟ್ಟಗಳನ್ನು ಬೋಳಿಸಿದ್ದವು. 1911ರ ವೀಕ್ಸ್ ಕಾಯ್ದೆ ಬಂದ ಮೇಲೆ ಸರ್ಕಾರ ಖಾಸಗಿ ಜಮೀನು ಕೊಂಡು 1918ರಲ್ಲಿ ಈ ಅರಣ್ಯವನ್ನು ಘೋಷಿಸಿತು. ಈಗ ಸುಮಾರು 8 ಲಕ್ಷ ಎಕರೆ ಇದೆ. ಒಂದು ತುಂಡು ಪಕ್ಕದ ಮೇನ್ ರಾಜ್ಯಕ್ಕೂ ಚಾಚಿದೆ. ಹೆಬ್ಬಾಗಿಲೂ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. ಶುಲ್ಕವಿರುವುದು ಕೆಲವು ಪಾರ್ಕಿಂಗ್ ಜಾಗಗಳಿಗೆ ಮಾತ್ರ, ಕಾರಿಗೆ ದಿನಕ್ಕೆ 5 ಡಾಲರ್. ಒಂದು ಕಡೆ ಕೊಟ್ಟರೆ ಆ ದಿನ ಉಳಿದ ಕಡೆಗಳಿಗೂ ನಡೆಯುತ್ತದೆ. ಪಾರ್ಕಿಂಗ್‌ನಲ್ಲಿ ಒಂದು ಕಬ್ಬಿಣದ ಡಬ್ಬಿ, ಅದರ ಪಕ್ಕದಲ್ಲಿ ಲಕೋಟೆಗಳು ಇರುತ್ತವೆ. ಲಕೋಟೆಯ ಮೇಲೆ ಕಾರಿನ ನಂಬರ್, ತಾರೀಕು ಬರೆದು, ಹಣ ಒಳಗಿಟ್ಟು, ತುದಿಯ ಚೀಟಿ ಹರಿದುಕೊಂಡು ಕನ್ನಡಿಗೆ ನೇತುಹಾಕಿ, ಲಕೋಟೆಯನ್ನು ಡಬ್ಬಿಗೆ ಹಾಕಬೇಕು. ಚಿಲ್ಲರೆ ಕೊಡುವವರು ಯಾರೂ ಇರುವುದಿಲ್ಲ, ಅದಕ್ಕೆ ಐದರ ನೋಟುಗಳನ್ನೇ ಇಟ್ಟುಕೊಳ್ಳಿ. ಒಂದು ಪೆನ್ನೂ ಕಾರಿನಲ್ಲಿರಲಿ. ದೇಶದ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ನಡೆಯುವ ‘ಅಮೆರಿಕ ದ ಬ್ಯೂಟಿಫುಲ್’ ವಾರ್ಷಿಕ ಪಾಸ್ ನಿಮ್ಮಲ್ಲಿದ್ದರೆ ಅದೇ ಸಾಕು.

ಗೊಂದಲವಾಗುವುದು ಎಲ್ಲೆಂದರೆ, ಈ ಅರಣ್ಯದ ನಡುನಡುವೆ ರಾಜ್ಯ ಸರ್ಕಾರದ ಉದ್ಯಾನಗಳಿವೆ. ಫ್ರಾಂಕೋನಿಯಾ ನಾಚ್, ಕ್ರಾಫರ್ಡ್ ನಾಚ್, ಮೌಂಟ್ ವಾಷಿಂಗ್ಟನ್‌ನ ಶಿಖರ, ಇವು ಮೂರೂ ನ್ಯೂ ಹ್ಯಾಂಪ್‌ಶೈರ್ ರಾಜ್ಯದ್ದು (ನಾಚ್ ಎಂದರೆ ಬೆಟ್ಟಗಳ ನಡುವಿನ ಕಣಿವೆದಾರಿ). ಅಲ್ಲಿ ಅರಣ್ಯದ ಪಾಸ್ ಲೆಕ್ಕಕ್ಕಿಲ್ಲ. ಫ್ರಾಂಕೋನಿಯಾ ನಾಚ್‌ನಲ್ಲಿರುವ ಕಿರಿದಾದ ಕಮರಿ ಫ್ಲೂಮ್ ಗಾರ್ಜ್‌ಗೆ ಬೇರೆ ಟಿಕೆಟ್, ಅದನ್ನು ಆನ್‌ಲೈನ್‌ನಲ್ಲಿ ಸಮಯ ಹಿಡಿದು ಮೊದಲೇ ಕೊಳ್ಳಬೇಕು. ಎಲ್ಲರೂ ಹೇಳುವ ಜಾಗ ಅದು, ಆದರೆ ಸುತ್ತು ಸುಮಾರು 2 ಮೈಲಿ, ಮೆಟ್ಟಿಲುಗಳು ವಿಪರೀತ. ನಿಮ್ಮ ಅಪ್ಪನ ಮೊಣಕಾಲಿಗೆ ನಾನಾದರೆ ಅದನ್ನು ಬಿಟ್ಟುಬಿಡುತ್ತೇನೆ.

ಯಾವ ದಿನ ಎಂದು ಕೇಳಿದ್ದೀರಿ. ಅಕ್ಟೋಬರ್‌ನ ಎರಡನೇ ಸೋಮವಾರ ಇಲ್ಲಿ ರಜೆ. ಅದಕ್ಕೆ ಅಂಟಿದ ಶನಿವಾರ, ಭಾನುವಾರ ಈ ಕಡೆ ತಲೆಯೂ ಹಾಕಬೇಡಿ. ದಸರಾ ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಾರು ಓಡಿಸುವ ಹಾಗಿರುತ್ತದೆ ಎಂದರೆ ನಿಮ್ಮ ಮನೆಯವರಿಗೆ ಅರ್ಥವಾದೀತು. ಅದರ ಹಿಂದಿನ ಅಥವಾ ಮುಂದಿನ ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ ರಜೆ ಹಾಕಲು ಸಾಧ್ಯವಾದರೆ ಅರ್ಧ ತಲೆನೋವು ಅಲ್ಲೇ ಹೋಯಿತು; ಹೋಟೆಲ್ ಬಾಡಿಗೆಯೂ ಇಳಿಯುತ್ತದೆ.

ಬಣ್ಣದ ವಿಷಯದಲ್ಲಿ ಒಂದೇ ತಾರೀಕು ಹಿಡಿದು ಕೂರಬೇಡಿ. ಹಗಲು ಕಡಿಮೆಯಾಗಿ ರಾತ್ರಿ ತಣ್ಣಗಾಗುತ್ತಿದ್ದಂತೆ ಎಲೆಯ ಹಸಿರು ಕರಗುತ್ತದೆ, ಅಡಿಯಲ್ಲಿದ್ದ ಹಳದಿ ಹೊರಬೀಳುತ್ತದೆ. ಮೇಪಲ್‌ನ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುವುದು. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಂಪಾದ ರಾತ್ರಿ ಸಿಕ್ಕಿದ ವರ್ಷ ಆ ಕೆಂಪು ಜೋರು. ಮೇಲಿನ ಚಳಿ ಮೊದಲು ಬರುವುದರಿಂದ ಬಣ್ಣ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ: ಎತ್ತರದಲ್ಲಿ ಸೆಪ್ಟೆಂಬರ್ ಕೊನೆ, ಕಣಿವೆಗಳಲ್ಲಿ ಅಕ್ಟೋಬರ್‌ನ ಮೊದಲೆರಡು ವಾರ. ಹಾಗಾಗಿ ಕೆಳಗೆ ಇನ್ನೂ ಹಸಿರಿದ್ದರೆ ಘಾಟಿಯ ತುದಿಗೆ ಹೋಗಿ. ಅಲ್ಲಿ ಆಗಲೇ ಬೋಳಾಗಿದ್ದರೆ ಪೂರ್ವದ ಕಾನ್ವೇ ಊರಿನ ಕಡೆಗೆ ಇಳಿಯಿರಿ. ಒಂದೇ ರಸ್ತೆಯಲ್ಲಿ ಎರಡೂ ಸಿಗುತ್ತದೆ.

ಆ ರಸ್ತೆಯೇ ಕಾಂಕಮಾಗಸ್ ಹೆದ್ದಾರಿ, ಇಲ್ಲಿನವರ ಬಾಯಲ್ಲಿ ‘ಕಾಂಕ್’. ಲಿಂಕನ್‌ನಿಂದ ಕಾನ್ವೇವರೆಗೆ 34.5 ಮೈಲಿ, ನಡುವಿನ ಘಾಟಿಯ ಎತ್ತರ 2,855 ಅಡಿ. ಈ ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ಬಹುಪಾಲು ಇಲ್ಲ. ಲಿಂಕನ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಬಾಸ್ಟನ್‌ನಿಂದ ಲಿಂಕನ್‌ಗೆ ಐ-93 ಹೆದ್ದಾರಿಯಲ್ಲಿ ಸುಮಾರು 130 ಮೈಲಿ. ಬೆಳಿಗ್ಗೆ 6ಕ್ಕೆ ಹೊರಟರೆ ಎಂಟೂವರೆಗೆ ಕಾಂಕ್ ಮೇಲಿರುತ್ತೀರಿ. ಹತ್ತು ದಾಟಿದರೆ ಪಾರ್ಕಿಂಗ್‌ಗೆ ಸುತ್ತು ಹೊಡೆಯುವುದೇ ಕೆಲಸವಾಗುತ್ತದೆ. ಜಾಗ ಸಿಗಲಿಲ್ಲವೆಂದು ರಸ್ತೆ ಅಂಚಿಗೆ ಅಡ್ಡಾದಿಡ್ಡಿ ನಿಲ್ಲಿಸಿದರೆ ದಂಡ ಬೀಳುತ್ತದೆ, ಕಾರು ಎಳೆದುಕೊಂಡು ಹೋಗುವುದೂ ಇದೆ.

ಪಶ್ಚಿಮದಿಂದ ಪೂರ್ವಕ್ಕೆ ಹೀಗೆ ಹೋಗಿ. ಮೊದಲು ಲಿಂಕನ್ ವುಡ್ಸ್: ನದಿಗೆ ತೂಗುಸೇತುವೆ, ಅದರಾಚೆ ಹಳೆಯ ಮರ ಸಾಗಣೆ ರೈಲಿನ ದಾರಿ. ಹಳಿ ಕಿತ್ತ ಜಾಗವಾದ್ದರಿಂದ ಬಹುತೇಕ ಸಮತಟ್ಟು. ಹಳಿಯ ಕೆಳಗಿನ ಮರದ ತೊಲೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಅಪ್ಪ ಇಲ್ಲಿ ಅರ್ಧ ಗಂಟೆ ಆರಾಮಾಗಿ ನಡೆಯಬಹುದು. ತೊಲೆಗಳ ಮೇಲೆ ಮಾತ್ರ ಕಾಲಿಡಬೇಡಿ, ಒದ್ದೆಯಾದರೆ ಸೋಪು ಹಚ್ಚಿದ ಹಾಗೆ ಜಾರುತ್ತವೆ. ಮುಂದೆ ಹೇರ್‌ಪಿನ್ ತಿರುವಿನ ಆಸುಪಾಸು ಹ್ಯಾಂಕಾಕ್ ಓವರ್‌ಲುಕ್, ಮೇಲೆ ಪೆಮಿಜೆವಾಸೆಟ್ ಓವರ್‌ಲುಕ್. ಎರಡೂ ರಸ್ತೆ ಪಕ್ಕದ ನೋಟದ ತಾಣಗಳು, ಕಾರಿನಿಂದ ಇಳಿದರೆ ಸಾಕು. ಪೆಮಿ ಪಶ್ಚಿಮಕ್ಕೆ ತೆರೆದಿರುವುದರಿಂದ ಸಂಜೆ ವಾಪಸ್ ಬರುವಾಗ ಅಲ್ಲಿ ನಿಲ್ಲಿ.

ಘಾಟಿ ಇಳಿದ ಮೇಲೆ ಶುಗರ್ ಹಿಲ್ ಓವರ್‌ಲುಕ್, ಆಮೇಲೆ ಸಬ್ಬಡೇ ಫಾಲ್ಸ್. ಈ ಜಲಪಾತಕ್ಕೆ ಒಂದು ದಿಕ್ಕಿಗೆ ಮೂರನೇ ಒಂದು ಮೈಲಿ ಆಗಬಹುದು, ಅಗಲವಾದ ಜಲ್ಲಿ ದಾರಿ. ಕೊನೆಯಲ್ಲಿ ಮೆಟ್ಟಿಲು ಬರುತ್ತದೆ. ಅಪ್ಪ ಕೆಳಗಿನ ಕೊಳದ ಬಳಿಯೇ ಕೂತುಕೊಳ್ಳಲಿ, ಅಮ್ಮ ಮೇಲಕ್ಕೆ ಹೋಗಿಬರಲಿ. ಮೊಣಕಾಲು ಕಾಡುವುದು ಹತ್ತುವಾಗಲ್ಲ, ಇಳಿಯುವಾಗ. ಎರಡು ಟ್ರೆಕ್ಕಿಂಗ್ ಕೋಲು ಕೊಡಿಸಿ, ಇಳಿಯುವಾಗ ಉದ್ದವನ್ನು ಐದಾರು ಸೆಂಟಿಮೀಟರ್ ಹೆಚ್ಚಿಸಿ ಕೊಡಿ. ಭಾರ ಕೈಗೆ ಹಂಚಿಹೋಗುತ್ತದೆ. ಇನ್ನೂ ಪೂರ್ವಕ್ಕೆ ರಾಕಿ ಗಾರ್ಜ್ ಮತ್ತು ಲೋಯರ್ ಫಾಲ್ಸ್, ಎರಡೂ ರಸ್ತೆ ಪಕ್ಕದಲ್ಲೇ. ರಾಕಿ ಗಾರ್ಜ್‌ನಲ್ಲಿ ನೀರಿನ ಅಂಚಿನ ಗ್ರಾನೈಟ್ ಬಂಡೆ ಒಣಗಿದಂತೆ ಕಂಡರೂ ತೆಳ್ಳಗೆ ಪಾಚಿ ಇರುತ್ತದೆ. ಫೋಟೊ ಸೇತುವೆ ಮೇಲಿಂದಲೇ ಆಗಲಿ. ಕೊನೆಗೆ 1858ರ ಆಲ್ಬನಿ ಮುಚ್ಚುಸೇತುವೆ, ಮೇಲೆ ಮಾಡು ಹೊದಿಸಿದ ಮರದ ಸೇತುವೆ; ಮಳೆ ಹಿಮದಿಂದ ತೊಲೆಗಳನ್ನು ಕಾಪಾಡಲೆಂದೇ ಹಾಗೆ ಕಟ್ಟಿದ್ದು. ಕಾನ್ವೇಯ ಸಾಕೋ ರೇಂಜರ್ ಸ್ಟೇಷನ್‌ನಲ್ಲಿ ಆ ದಿನದ ಹಾದಿಗಳ ಸ್ಥಿತಿ ಹೇಳುತ್ತಾರೆ, ಒಳ್ಳೆಯ ಶೌಚಾಲಯವೂ ಇದೆ. ದಾರಿಯಲ್ಲಿ ಸಿಗುವವು ನೀರಿಲ್ಲದ ಗುಂಡಿ ಶೌಚಾಲಯಗಳು, ಸ್ವಚ್ಛವಾಗಿರುತ್ತವೆ; ಒಂದು ಬಾಟಲಿ ನೀರು ಜೊತೆಗಿರಲಿ ಎಂದು ಹಿರಿಯರಿಗೆ ಮೊದಲೇ ಹೇಳಿಬಿಡಿ.

ಬುತ್ತಿಗೆ ಚಿತ್ರಾನ್ನ, ಪುಳಿಯೋಗರೆ ಬೇಡ. ಆರೇಳು ಡಿಗ್ರಿ ಚಳಿಯಲ್ಲಿ ಅನ್ನ ಕಲ್ಲಿನಂತಾಗುತ್ತದೆ, ತುಪ್ಪ ಅಥವಾ ಕೊಬ್ಬರಿ ಎಣ್ಣೆಯ ಒಗ್ಗರಣೆ ಬಿಳಿಯಾಗಿ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ. ಚಪಾತಿಗೆ ಚಟ್ನಿಪುಡಿ-ಎಣ್ಣೆ ಸವರಿ ಸುತ್ತಿದ ಸುರುಳಿ, ಥರ್ಮಾಸ್‌ನಲ್ಲಿ ಬಿಸಿ ಸಾರು ಇದ್ದರೆ ಅದರ ಮುಂದೆ ಬೇರೇನೂ ಇಲ್ಲ. ತಿಂದುಳಿದದ್ದನ್ನು ಮೇಜಿನ ಮೇಲೆ ಬಿಡಬೇಡಿ. ಕಪ್ಪು ಕರಡಿಗಳು ಚಳಿಗಾಲಕ್ಕೆ ಮೊದಲು ಮೈತುಂಬಾ ತಿನ್ನುವ ಕಾಲ ಅದು. ಎಲ್ಲವೂ ಕಾರಿನೊಳಗೆ, ಗಾಜು ಏರಿಸಿ.

ಅಪ್ಪ-ಅಮ್ಮನಿಗೆ ಎತ್ತರದಿಂದ ನೋಡುವ ಆಸೆಯಿದ್ದರೆ ಹತ್ತುವುದೇ ಬೇಕಿಲ್ಲ. ಲಿಂಕನ್‌ನ ಲೂನ್ ಬೆಟ್ಟದ ಗೊಂಡೋಲಾ (ಕೇಬಲ್ ಕಾರು) ಬೇಸಿಗೆ ಮತ್ತು ಎಲೆಗಾಲದಲ್ಲಿ ಓಡುತ್ತದೆ, ನೀವು ಹೋಗುವ ದಿನ ಇದೆಯೇ ನೋಡಿಕೊಳ್ಳಿ. ಹಳೆಯ ಬರಹಗಳಲ್ಲಿ ಕ್ಯಾನನ್ ಬೆಟ್ಟದ ಟ್ರಾಮ್ (ಅದೂ ಕೇಬಲ್ ಕಾರೇ) ಬಗ್ಗೆ ಓದಿ ಅಲ್ಲಿಗೆ ಹೋಗಬೇಡಿ. 2025ರ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದ್ದಾರೆ. ಮೌಂಟ್ ವಾಷಿಂಗ್ಟನ್‌ಗೆ 1869ರಿಂದ ಓಡುತ್ತಿರುವ ಹಲ್ಲುಹಳಿಯ ರೈಲಿದೆ, ಹೋಗಿಬರಲು ಸುಮಾರು ಮೂರು ಗಂಟೆ. ಟಿಕೆಟ್ ದುಬಾರಿ. ಶಿಖರ ವರ್ಷದ ಅರ್ಧಕ್ಕಿಂತ ಹೆಚ್ಚು ಹೊತ್ತು ಮೋಡದೊಳಗೇ ಇರುತ್ತದೆ, ಹಾಗಾಗಿ ತಿಂಗಳ ಮೊದಲೇ ಕೊಳ್ಳುವುದು ಜೂಜು. ಹಿಂದಿನ ದಿನ ಮುನ್ಸೂಚನೆ ನೋಡಿ ಕೊಳ್ಳುವುದೇ ವಾಸಿ, ವಾರದ ನಡುವೆ ಹೋದರೆ ಅದು ಸಾಧ್ಯವೂ ಹೌದು. ಕಾರಿನಲ್ಲೇ ಹೋಗುವ 7.6 ಮೈಲಿಯ ಆಟೋ ರೋಡ್ ಕೂಡ ಇದೆ. ಹತ್ತುವುದು ಸುಲಭ. ಇಳಿಯುವಾಗ ಬ್ರೇಕ್ ಒತ್ತಿಹಿಡಿದವರ ಬ್ರೇಕ್ ಕಾದು ಹೊಗೆ ಬರುತ್ತದೆ. ಅತಿ ಕೆಳಗಿನ ಗೇರ್‌ಗೆ ಹಾಕಿ ಎಂಜಿನ್‌ನಿಂದಲೇ ವೇಗ ತಡೆಯಬೇಕು, ನಡುವೆ ನಿಲ್ಲಿಸಿ ಚಕ್ರ ಆರಿಸಬೇಕು. ಮಲೆನಾಡಿನ ಘಾಟಿಯಲ್ಲಿ ಓಡಿಸಿದವರಿಗೆ ಇದನ್ನು ಹೇಳಬೇಕಿಲ್ಲ. ಆದರೆ ಇಲ್ಲಿಗೆ ಬಂದು ಹತ್ತು ವರ್ಷ ಆಟೋಮ್ಯಾಟಿಕ್ ಓಡಿಸಿದ ಮೇಲೆ ಮರೆತುಹೋಗಿರುತ್ತದೆ.

ಈಗ ರಿಡ್ಜ್. ನೀವು ಕೇಳುತ್ತಿರುವ ಸುತ್ತು 8.9 ಮೈಲಿ, ಒಟ್ಟು ಏರು ಸುಮಾರು 3,900 ಅಡಿ: ಫಾಲಿಂಗ್ ವಾಟರ್ಸ್ ಹಾದಿಯಲ್ಲಿ ಲಿಟಲ್ ಹೇಸ್ಟ್ಯಾಕ್‌ಗೆ 3.2 ಮೈಲಿ, ಅಲ್ಲಿಂದ ರಿಡ್ಜ್ ಮೇಲೆ ಲಿಂಕನ್ ಶಿಖರ ದಾಟಿ ಲಫಾಯೆಟ್‌ಗೆ 1.7, ಗ್ರೀನ್‌ಲೀಫ್ ಹಾದಿಯಲ್ಲಿ ಗ್ರೀನ್‌ಲೀಫ್ ಹಟ್ ಎಂಬ ಚಾರಣಿಗರ ತಂಗುಮನೆಗೆ 1.1, ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಕೆಳಕ್ಕೆ 2.9. ಈ ದಿಕ್ಕಿನಲ್ಲೇ ಹೋಗಿ. ಫಾಲಿಂಗ್ ವಾಟರ್ಸ್ ಹೆಸರಿಗೆ ತಕ್ಕಂತೆ ನೀರಿನ ಪಕ್ಕ, ನೀರಿನ ಮೇಲೆ ಸಾಗುವ ಕಡಿದಾದ ಹಾದಿ. ಒದ್ದೆ ಬಂಡೆಯ ಮೇಲೆ ಹತ್ತಬಹುದು, ದಣಿದ ಕಾಲಲ್ಲಿ ಇಳಿಯುವಾಗ ಕಣಕಾಲು ಉಳುಕುವುದು ಅಲ್ಲೇ.

ಹೊತ್ತಿನ ಲೆಕ್ಕಕ್ಕೆ ಇಲ್ಲಿನವರ ಸೂತ್ರ: ಮೈಲಿಗೆ ಅರ್ಧ ಗಂಟೆ, ಪ್ರತಿ ಸಾವಿರ ಅಡಿ ಏರಿಗೆ ಇನ್ನೊಂದು ಅರ್ಧ ಗಂಟೆ. 8.9 ಮೈಲಿಗೆ ನಾಲ್ಕೂವರೆ, 3,900 ಅಡಿಗೆ ಸುಮಾರು ಎರಡು, ಒಟ್ಟು ಆರೂವರೆ ಗಂಟೆ; ಊಟ, ಫೋಟೊ ಸೇರಿಸಿದರೆ ಎಂಟು. ಅಕ್ಟೋಬರ್ ಎರಡನೇ ವಾರ ಸೂರ್ಯ ಮುಳುಗುವುದು ಸಂಜೆ ಆರೂಕಾಲಿನ ಹೊತ್ತಿಗೆ. ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಏಳಕ್ಕೆ ನಡೆಯಲು ಶುರು ಮಾಡಿದರೆ ಹತ್ತೂಕಾಲಿಗೆ ಲಿಟಲ್ ಹೇಸ್ಟ್ಯಾಕ್ ಸೇರಬೇಕು. ಹನ್ನೊಂದೂವರೆ ಆದರೂ ಅಲ್ಲಿಗೆ ತಲುಪಿಲ್ಲವಾದರೆ ಬಂದ ದಾರಿಯಲ್ಲೇ ತಿರುಗಿ. ಈ ಗಡುವನ್ನು ಕಾರಿನಲ್ಲಿ ಕೂತಾಗಲೇ ಇಬ್ಬರೂ ಒಪ್ಪಿಕೊಳ್ಳಿ; ಮೇಲೆ ಹೋದಮೇಲೆ ‘ಇನ್ನೇನು ಇಲ್ಲೇ’ ಎನ್ನುವ ಬಾಯಿಗೆ ಬೀಗ ಹಾಕುವುದು ಕಷ್ಟ.

ಹೋಗುವುದೋ ಬಿಡುವುದೋ ಎಂಬುದನ್ನು ಊರಿನ ಹವಾಮಾನ ನೋಡಿ ತೀರ್ಮಾನಿಸಬೇಡಿ. ಮೌಂಟ್ ವಾಷಿಂಗ್ಟನ್ ಅಬ್ಸರ್ವೇಟರಿ ದಿನವೂ ಎತ್ತರದ ಶಿಖರಗಳಿಗೆಂದೇ ‘ಹೈಯರ್ ಸಮಿಟ್ಸ್’ ಮುನ್ಸೂಚನೆ ಕೊಡುತ್ತದೆ. ಹಿಂದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಒಮ್ಮೆ ಓದಿ. ಗಾಳಿ ಗಂಟೆಗೆ 40 ಮೈಲಿ ಮೀರುತ್ತದೆ ಎಂದಿದ್ದರೆ, ಅಥವಾ ಮೋಡ ಶಿಖರಗಳ ಮೇಲೆ ಕೂರುತ್ತದೆ, ಮಳೆ-ಹಿಮ ಬೆರಸಿ ಬೀಳುತ್ತದೆ ಎಂದಿದ್ದರೆ ರಿಡ್ಜ್ ಬಿಡಿ. ಬದಲಿಗೆ ಕ್ರಾಫರ್ಡ್ ನಾಚ್‌ನ ಮೌಂಟ್ ವಿಲ್ಲರ್ಡ್ ಇದೆ: ಹೋಗಿಬರಲು 3.2 ಮೈಲಿ, 900 ಅಡಿ ಏರು, ಪೂರ್ತಿ ಕಾಡಿನ ಮರೆ, ಕೊನೆಗೆ ಬಂಡೆಯ ತುದಿಯಿಂದ ಇಡೀ ಕಣಿವೆ. ಹಾಕಿದ ಶ್ರಮಕ್ಕೆ ಇಷ್ಟು ನೋಟ ಕೊಡುವ ಹಾದಿ ಈ ಬೆಟ್ಟಗಳಲ್ಲಿ ಅಪರೂಪ. ವೆಲ್ಚ್-ಡಿಕಿ ಸುತ್ತೂ ಚೆನ್ನ (4.4 ಮೈಲಿ), ಆದರೆ ಅದು ಬೋಳು ಬಂಡೆ, ಮಳೆಯ ದಿನ ಅದಕ್ಕೆ ಹೋಗಬಾರದು.

ಬಟ್ಟೆ: ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಹತ್ತುವಾಗ ಬೆವರಿನಿಂದ ನೆನೆದ ಹತ್ತಿ ಒಣಗುವುದಿಲ್ಲ. ಮರಗಳ ಸಾಲು ದಾಟಿ ಗಾಳಿಗೆ ಬಿದ್ದ ಕ್ಷಣ ಅದೇ ಮೈಯ ಶಾಖ ಹೀರುತ್ತದೆ. ಮೈಗಂಟಿ ಪಾಲಿಯೆಸ್ಟರ್ ಅಥವಾ ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ-ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್; ಟೋಪಿ, ಕೈಗವಸು ಅಕ್ಟೋಬರ್‌ನಲ್ಲಿ ಆಯ್ಕೆಯ ವಿಷಯವಲ್ಲ. ಜಾಕೆಟ್ ಹಾಕಿಕೊಳ್ಳಬೇಕಾದ್ದು ಚಳಿ ಹತ್ತಿದ ಮೇಲಲ್ಲ, ಕೊನೆಯ ಕುಳ್ಳ ಮರಗಳ ಮರೆಯಲ್ಲಿ ನಿಂತಾಗ. ಜೊತೆಗಿರುವವರು ಜಿಪ್ ಎಳೆಯಲಾರದೆ ತಡಕಾಡಿದರೆ, ಮಾತು ತೊದಲಿದರೆ, ಸುಮ್ಮಸುಮ್ಮನೆ ಎಡವಿದರೆ ಅದು ದಣಿವಲ್ಲ, ಮೈ ಶಾಖ ಇಳಿಯುತ್ತಿದೆ. ಒದ್ದೆ ಬಟ್ಟೆ ಬದಲಿಸಿ, ಸಿಹಿ ತಿನ್ನಿಸಿ, ಹತ್ತಿರದ ದಿಕ್ಕಿನಲ್ಲಿ ಮರಗಳೊಳಗೆ ಇಳಿಯಿರಿ.

ತಲೆಗೆ ಒಬ್ಬೊಬ್ಬರಿಗೆ ಎರಡೂವರೆ ಲೀಟರ್ ನೀರು, ಒಂದೊಂದು ಹೆಡ್‌ಲ್ಯಾಂಪ್. ಫೋನಿನ ದೀಪ ನಂಬಬೇಡಿ, ಚಳಿಗೆ ಬ್ಯಾಟರಿ ಬೇಗ ಬೀಳುತ್ತದೆ. ಕಾಗದದ ನಕ್ಷೆ ಇರಲಿ. ರಿಡ್ಜ್ ಅಪಲಾಚಿಯನ್ ಟ್ರೇಲ್ ಎಂಬ ದೂರದ ಕಾಲ್ನಡಿಗೆ ಹಾದಿಯ ಭಾಗ, ಅದರ ಗುರುತು ಬಿಳಿ ಪಟ್ಟೆ. ಮಂಜು ಕವಿದಾಗ ಜನ ತಪ್ಪುವುದು ಲಫಾಯೆಟ್ ತುದಿಯಲ್ಲಿ: ಬಿಳಿ ಪಟ್ಟೆಯನ್ನೇ ಹಿಡಿದು ಉತ್ತರಕ್ಕೆ ಹೋದರೆ ಕಾರಿನಿಂದ ದೂರ ದೂರ ಹೋಗುತ್ತೀರಿ. ನಿಮಗೆ ಬೇಕಾದ್ದು ಪಶ್ಚಿಮಕ್ಕೆ ಇಳಿಯುವ ಗ್ರೀನ್‌ಲೀಫ್ ಹಾದಿ. ಫಲಕ ಓದಿಯೇ ಹೆಜ್ಜೆ ಇಡಿ. ಮೇಲೆ ಕಲ್ಲುಗುಪ್ಪೆಗಳ ನಡುವೆಯೇ ನಡೆಯಿರಿ, ಪಕ್ಕದ ಪುಟ್ಟ ಗಿಡಗಳು ಬೆರಳೆತ್ತರ ಬೆಳೆಯಲು ವರ್ಷಗಟ್ಟಲೆ ಬೇಕು. ಗ್ರೀನ್‌ಲೀಫ್ ಹಟ್‌ನಲ್ಲಿ ಬಿಸಿ ಸೂಪ್ ಸಿಗುತ್ತದೆಂದು ನಂಬಿ ಬುತ್ತಿ ಬಿಡಬೇಡಿ. ಅಕ್ಟೋಬರ್ ಮಧ್ಯಕ್ಕೆ ಅದು ಮುಚ್ಚುತ್ತದೆ.

ಪಾರ್ಕಿಂಗ್ ಲಫಾಯೆಟ್ ಪ್ಲೇಸ್‌ನಲ್ಲಿ. ಇದು ರಾಜ್ಯದ ಜಾಗ, ಅರಣ್ಯದ ಪಾಸ್ ಬೇಡ. ವಾರದ ನಡುವೆಯೂ ಒಳ್ಳೆಯ ದಿನಗಳಲ್ಲಿ ಬೇಗ ತುಂಬುತ್ತದೆ.

ಇನ್ನೊಂದು ಸಂಗತಿ ಎಲ್ಲರೂ ಮರೆಯುತ್ತಾರೆ: ನೀವಿಬ್ಬರು ಬೆಟ್ಟದ ಮೇಲಿದ್ದಾಗ ಕಾರು ಬೆಟ್ಟದ ಬುಡದಲ್ಲಿರುತ್ತದೆ, ಅಪ್ಪ-ಅಮ್ಮ ಹೋಟೆಲ್‌ನಲ್ಲಿ. ಆದ್ದರಿಂದ ಲಿಂಕನ್‌ನ ಮೇನ್ ಸ್ಟ್ರೀಟ್‌ಗೆ ನಡೆದು ಹೋಗುವಷ್ಟು ಹತ್ತಿರ, ಸಣ್ಣ ಅಡುಗೆಮನೆಯಿರುವ ಕೋಣೆ ಹಿಡಿಯಿರಿ. ಒಂದು ಚೀಟಿಯಲ್ಲಿ ಹಾದಿಗಳ ಹೆಸರು, ಕಾರಿನ ನಂಬರ್, ನಿಮ್ಮಿಬ್ಬರ ಜಾಕೆಟ್ ಬಣ್ಣ, ವಾಪಸಾಗುವ ಸಮಯ ಇಂಗ್ಲಿಷ್‌ನಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟು, ‘ರಾತ್ರಿ ಎಂಟಾದರೂ ಫೋನ್ ಬರದಿದ್ದರೆ 911ಕ್ಕೆ ಮಾಡಿ ಇದನ್ನು ಓದಿ’ ಎಂದು ಅಮ್ಮನಿಗೆ ಹೇಳಿ. ಈ ರಾಜ್ಯದಲ್ಲಿ ಹುಡುಕಾಟ ನಡೆಸುವುದು ಫಿಷ್ ಆಂಡ್ ಗೇಮ್ ಇಲಾಖೆ. ನಿರ್ಲಕ್ಷ್ಯದಿಂದ ಸಿಕ್ಕಿಬಿದ್ದಿರಿ ಎಂದಾದರೆ ಖರ್ಚನ್ನು ನಿಮ್ಮಿಂದ ವಸೂಲು ಮಾಡಬಹುದು. ಅದೇ ಇಲಾಖೆ ಮಾರುವ ‘ಹೈಕ್ ಸೇಫ್’ ಕಾರ್ಡ್ ಒಬ್ಬರಿಗೆ 25, ಕುಟುಂಬಕ್ಕೆ 35 ಡಾಲರ್. ಅದಿದ್ದರೆ ಸಾಮಾನ್ಯ ತಪ್ಪಿಗೆ ಬಿಲ್ ಬರುವುದಿಲ್ಲ, ಹುಚ್ಚುಸಾಹಸಕ್ಕೆ ಬರುತ್ತದೆ.

ಮೂರು ದಿನದ ಹಂಚಿಕೆ ಹೀಗಿರಲಿ: ಮೊದಲ ದಿನ ನಾಲ್ವರೂ ಕಾಂಕ್. ಎರಡನೇ ದಿನಕ್ಕೂ ಮೂರನೇ ದಿನಕ್ಕೂ ಮುನ್ಸೂಚನೆ ನೋಡಿ, ಗಾಳಿ ಕಡಿಮೆಯಿರುವ ದಿನ ರಿಡ್ಜ್, ಇನ್ನೊಂದು ದಿನ ಗೊಂಡೋಲಾ ಅಥವಾ ರೈಲು. ರಿಡ್ಜ್ ಮೂರನೇ ದಿನಕ್ಕೆ ಬಿದ್ದರೆ ಇನ್ನೊಂದು ರಾತ್ರಿ ಉಳಿಯಿರಿ. ಎಂಟು ಗಂಟೆ ನಡೆದು ಕತ್ತಲಲ್ಲಿ ಎರಡೂವರೆ ಗಂಟೆ ಡ್ರೈವ್ ಮಾಡುವುದು ಬೇಡ, ಮೂಸ್ ಎಂಬ ದೈತ್ಯ ಜಿಂಕೆ ರಸ್ತೆಗಿಳಿಯುವ ಹೊತ್ತೂ ಅದೇ. ಅದರ ಮೈ ಕಪ್ಪು, ಕಾಲು ಉದ್ದ, ಹೆಡ್‌ಲೈಟ್ ಕಣ್ಣಿಗೆ ತಾಗುವುದಿಲ್ಲ. ಡಿಕ್ಕಿಯಾದರೆ ದೇಹ ಗಾಜಿನ ಮೇಲೇ ಬೀಳುತ್ತದೆ. ರಾತ್ರಿ ಕೋಣೆಗೆ ಬಂದ ಮೇಲೆ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ಉಣ್ಣೆ ಕಚ್ಚಿದೆಯೇ ನೋಡಿಕೊಳ್ಳಿ. ಲೈಮ್ ರೋಗ ಹರಡುವ ಜಿಂಕೆ ಉಣ್ಣೆಗಳು ಅಕ್ಟೋಬರ್‌ನಲ್ಲೂ ಚುರುಕಾಗಿರುತ್ತವೆ. ಕಚ್ಚಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಎಣ್ಣೆ-ಬೆಂಕಿಕಡ್ಡಿ ಬೇಡ.

ಅಪ್ಪ-ಅಮ್ಮನ ಪಾಸ್‌ಪೋರ್ಟ್ ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ಪ್ರತಿ ಕಾರಿನಲ್ಲಿರಲಿ, ನಿಮ್ಮದೂ. ಕೆನಡಾ ಗಡಿ ನೂರು ಮೈಲಿಯೊಳಗಿರುವುದರಿಂದ ಐ-93ರಲ್ಲಿ ಲಿಂಕನ್ ಹತ್ತಿರದ ವುಡ್‌ಸ್ಟಾಕ್ ಬಳಿ ಗಡಿ ಪೊಲೀಸರು ಹಿಂದೆ ತಪಾಸಣೆ ನಡೆಸಿದ್ದುಂಟು. ಅವರ ಪ್ರವಾಸಿ ವಿಮೆಯ ಕಾರ್ಡ್, ಬಿ.ಪಿ. ಮಾತ್ರೆಗಳನ್ನು ಡಿಕ್ಕಿಯ ಸೂಟ್‌ಕೇಸಿಗಲ್ಲ, ಅಮ್ಮನ ಕೈಚೀಲಕ್ಕೆ ಹಾಕಿ.